ರವಿವಾರದ ಸರಪಳಿ

ಕೈಪಂಪಿನ ರೋಗವನ್ನು ಅದರ ಹಿಡಿಕೆಯೇ ಹೇಳುತ್ತದೆ. ಬಹಳ ಹೊತ್ತು ಹೊಡೆದ ಮೇಲೆ ನೀರು ಬಂದರೆ ತಳದ ವಾಲ್ವು ಸೋರುತ್ತಿದೆ. ಎಷ್ಟು ಹೊಡೆದರೂ ತೆಳ್ಳಗೆ ಬಂದರೆ ಸಿಲಿಂಡರಿನೊಳಗಿನ ಚರ್ಮದ ವಾಷರು ಸವೆದಿದೆ. ಹಿಡಿಕೆ ಹಗುರಾಗಿ ಹೋಗಿ ಬಂದು ಒಂದು ಹನಿಯೂ ಬೀಳದಿದ್ದರೆ ಒಳಗಿನ ಸಲಾಕೆ ಎಲ್ಲೋ ಕಳಚಿಕೊಂಡಿದೆ. ಆ ಬೇಸಿಗೆಯಲ್ಲಿ ಕುರಿಗಾರರ ಓಣಿಯ ಪಂಪನ್ನು ಒತ್ತಿ ನೋಡಿದಾಗ ಹಿಡಿಕೆ ಖಾಲಿ ತೊಟ್ಟಿಲಿನ ಹಾಗೆ ತೂಗಿತು. ಅರ್ಧ ದಿನದ ಕೆಲಸ, ನಾಳೆ ಬರುತ್ತೇನೆ ಎಂದು ಹೇಳಿ ಮನೆಗೆ ಬಂದೆ.

ಅರ್ಧ ದಿನದಲ್ಲಿ ಮುಗಿದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಮ್ಮೂರು ಕಾಗವಾಡದಿಂದ ಮಂಗಸೂಳಿಗೆ ಹೋಗುವ ರಸ್ತೆಯಿಂದ ತುಸು ಒಳಗಿದೆ. ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನ ಒಂದು ತುದಿಗೆ ನಮ್ಮ ಕ್ರಿಸ್ತರ ಓಣಿ, ಇನ್ನೊಂದು ತುದಿಗೆ ಕುರಿಗಾರರ ಓಣಿ. ನೀರಿನ ಕೆಲಸ ಮಾಡಲು ಬಂದಿದ್ದ ಮಿಶನ್ನಿನವರ ಕೈಯಲ್ಲಿ ನಾನು ಪಂಪಿನ ರಿಪೇರಿ ಕಲಿತಿದ್ದೆ. ಅವರು ಹೋದ ಮೇಲೆ ಸುತ್ತಲಿನ ಹಳ್ಳಿಗಳಿಗೆ ಮಂಡಲ ಪಂಚಾಯತಿಯವರು ನನ್ನನ್ನೇ ಕಳಿಸುತ್ತಿದ್ದರು. ಒಂದು ಸೈಕಲ್ಲು, ಹಿಂದೆ ಕಟ್ಟಿದ ಪಾನಾ-ಪಕ್ಕಡದ ಪೆಟ್ಟಿಗೆ, ಇಷ್ಟೇ ನನ್ನ ಕಾರಖಾನೆ.

ನಮ್ಮ ಪ್ರಾರ್ಥನಾ ಮಂದಿರದ ಅಂಗಳದಲ್ಲೂ ಒಂದು ಪಂಪಿತ್ತು. ಅದಕ್ಕೊಂದು ವಿಚಿತ್ರ ಪದ್ಧತಿ. ಶನಿವಾರ ಹೊತ್ತು ಮುಳುಗುತ್ತಲೇ ಸಭೆಯ ಹಿರಿಯರು ಹಿಡಿಕೆಗೆ ದಪ್ಪ ಸರಪಳಿ ಸುತ್ತಿ ಕೀಲಿ ಹಾಕುವರು. ಸೋಮವಾರ ಬೆಳಿಗ್ಗೆ ತೆಗೆಯುವರು. ವಿಶ್ರಾಂತಿಯ ದಿನ ನೀರು ಎತ್ತುವುದೂ ಕೆಲಸವೇ ಎಂದು ಹಿಂದಿನ ಯಾವ ಪಾಸ್ಟರೋ ಹೇಳಿ ಹೋಗಿದ್ದರಂತೆ. ಹೇಳಿದವರು ಯಾವ ಊರಿಗೋ ವರ್ಗವಾಗಿ ಹೋದರು, ಸರಪಳಿ ಮಾತ್ರ ನಮ್ಮ ಕೊರಳಿಗೆ ಬಿತ್ತು. ಹೆಂಗಸರು ಗೊಣಗುತ್ತ ಶನಿವಾರವೇ ಮನೆಯ ಕೊಡ, ಹಂಡೆ, ತಪೇಲಿ ಎಲ್ಲ ತುಂಬಿಡುತ್ತಿದ್ದರು. ಆ ಹಿರಿಯರು ನನ್ನ ಸೋದರಮಾವ, ಮಗಳನ್ನು ಕೊಟ್ಟ ಮಾವನೂ ಹೌದು. ಆದ್ದರಿಂದ ನಾನು ಗೊಣಗುವುದನ್ನೂ ಸಣ್ಣ ದನಿಯಲ್ಲಿ ಮಾಡಬೇಕಾಗಿತ್ತು.

ಕುರಿಗಾರರ ಪಂಪು ನೋಡಿ ಬಂದ ದಿನ ಸಂಜೆ ಮಾವ ಮನೆಗೆ ಬಂದರು. ಹೆಂಡತಿ ಚಹಾ ಇಟ್ಟಳು.

“ಅಳಿಯಾ, ಕುರಿಗಾರ್ರ ಪಂಪಿಗೆ ಕೈ ಹಚ್ಚೀಯೇನು?”

“ನಾಳೆ ಹಚ್ಚಾಂವ್ರಿ. ಯಾಕ್ರಿ?”

“ಚುನಾವಣಿ ಹತ್ರ ಬರ್ಲಿ. ಅಲ್ಲೀ ತನಕ ಬ್ಯಾಡ.”

ಮಂಡಲ ಪಂಚಾಯತಿಯಲ್ಲಿ ನಮ್ಮೂರಿನ ಒಂದು ಸ್ಥಾನ ಖಾಲಿಯಾಗಿ ಮತ್ತೆ ಚುನಾವಣೆ ಬಂದಿತ್ತು. ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದ ಊರಿನ ಮುಖಂಡರೊಬ್ಬರು ತಮ್ಮ ಅಣ್ಣನ ಮಗನನ್ನು ನಿಲ್ಲಿಸಿದ್ದರು. ಕುರಿಗಾರರ ಓಣಿ ಪೂರ್ತಿ ಎದುರಾಳಿಯ ಕಡೆಗಿತ್ತು. ಅಲ್ಲಿನ ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು, ಮತದಾನದ ಹೊತ್ತಿಗೆ ತಿರುಗಿ ಬರುವವರು. ಮುಖಂಡರ ಲೆಕ್ಕದಲ್ಲಿ, ಅವರು ಬರುವಷ್ಟರಲ್ಲಿ ಹೆಂಗಸರು ನೀರಿಲ್ಲದೆ ಹೈರಾಣಾಗಿರಬೇಕು. ಮತದಾನದ ಹಿಂದಿನ ದಿನ ಮುಖಂಡರ ಕಡೆಯವರು ಮುಂದೆ ನಿಂತು ಪಂಪು ಮಾಡಿಸಿ ಕೊಡಬೇಕು. ಇಷ್ಟಕ್ಕೆ ನಾನು ಸುಮ್ಮನಿದ್ದರೆ ಸಾಕು, ಕೈ ಕೊಳೆಯಾಗುವ ಕೆಲಸವೂ ಇಲ್ಲ.

ನಮಗೆ ಪ್ರತಿಫಲವೂ ಇತ್ತು. ನಮ್ಮ ಪ್ರಾರ್ಥನಾ ಮಂದಿರ ನಿಂತದ್ದು ಗಾಯರಾಣದಲ್ಲಿ, ಅಂದರೆ ಊರಿನ ದನ ಮೇಯುವ ಸರ್ಕಾರಿ ಜಾಗದಲ್ಲಿ. ಉತಾರ ಎಂಬ ಜಮೀನಿನ ದಾಖಲೆಯಲ್ಲಿ ಸಭೆಯ ಹೆಸರಿಲ್ಲ. ಮಾವನ ತಂದೆಯ ಕಾಲಕ್ಕೆ ಒಮ್ಮೆ ಅಲ್ಲಿನ ಚಪ್ಪರ ಕಿತ್ತು ಹಾಕಿದ್ದರು. ಈಗ ಆ ಜಾಗ ಸಭೆಯ ಹೆಸರಿಗೆ ಮಾಡಿಸಿ ಕೊಡುತ್ತೇನೆಂದು ಮುಖಂಡರು ಮಾತು ಕೊಟ್ಟಿದ್ದರು. ಬರುವ ರವಿವಾರ ಆರಾಧನೆ ಮುಗಿದ ಮೇಲೆ ಸಭೆಗೆ ಬಂದು ಎಲ್ಲರೆದುರು ಹೇಳುವವರಿದ್ದರು.

“ವಾಷರ್ ಸಿಕ್ಕಿಲ್ಲ ಅನ್ನು, ಮುಗೀತು,” ಎಂದರು ಮಾವ.

“ನನ್ನ ಪೆಟಿಗ್ಯಾಗ ಅದಾವಲ್ರಿ.”

“ಪೆಟಿಗಿ ಮುಚ್ಚು.”

“ಅವ್ರಿಗೆ ನೀರಿಲ್ರಿ ಮಾವಾ.”

“ತೋಟದ ಬಾವಿಗೆ ಹೋಗಾಕತ್ತಾರಲ್ಲ. ನಾಕ ದಿನ ಹೋಗ್ಲಿ. ನಮ್ಮಪ್ಪ ತಲಿ ಮ್ಯಾಲ ಕಲ್ಲ ಹೊತ್ತು ಕಟ್ಟಿದ ಜಾಗಾ ಅದು. ನಾ ಸಾಯೂದ್ರಾಗ ಅದಕ್ಕೊಂದು ಕಾಗದ ಆಗಬೇಕು. ಪ್ರಾರ್ಥನಾ ಮಾಡಿದ್ರ ಉತಾರದಾಗ ಹೆಸರು ಏರಂಗಿಲ್ಲೋ.”

ಮಾವ ಕೆಟ್ಟವರಲ್ಲ. ಆ ಜಾಗದ ಚಿಂತೆಯಲ್ಲಿ ಅವರು ನಿದ್ದೆಗೆಟ್ಟದ್ದನ್ನು ನಾನು ಕಂಡಿದ್ದೇನೆ. ಆದರೂ ಸಿಟ್ಟು ನೆತ್ತಿಗೇರಿತು. ನನಗಿಂತ ಮೊದಲು ನನ್ನ ಹೆಂಡತಿಯೇ ಬಾಯಿ ತೆರೆದಳು.

“ಅಪ್ಪಾ, ಅವರ ಪಂಪ ಮುಚ್ಚಿಸಿ ನಮ್ಮ ಗುಡಿ ಉಳಿಸ್ತೀಯೇನು? ಅಂಥಾ ಗುಡ್ಯಾಗ ಕುಂತು ಏನಂತ ಹಾಡಲಿ ನಾ?”

ಮಾವ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಮರುದಿನ, ಶುಕ್ರವಾರ, ನಾನು ಹೋದೆ. ಯಾವಾಗಲೂ ಪೈಪು ಎತ್ತಲು ಬರುತ್ತಿದ್ದ ನಮ್ಮ ಓಣಿಯ ಗಂಡಸರು ಅಂದು ಒಬ್ಬರೂ ಬರಲಿಲ್ಲ. ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬನಿಗೆ ಚಿಕ್ಕೋಡಿಯಲ್ಲಿ ಕೆಲಸ. ಮಾವನ ಮಾತು ನನಗಿಂತ ಮೊದಲೇ ಓಣಿ ಸುತ್ತಿತ್ತು. ಕುರಿಗಾರರ ಓಣಿಯಲ್ಲಿ ಉಳಿದ ಮುದುಕರನ್ನೇ ಕೂಡಿಸಿಕೊಂಡು ಕೆಲಸ ಸುರು ಮಾಡಿದೆ.

ಈ ಪಂಪಿನಲ್ಲಿ ಸಿಲಿಂಡರು ಪೈಪಿಗಿಂತ ದಪ್ಪ. ಅದಕ್ಕೇ ಒಂದು ಸಣ್ಣ ವಾಷರು ಬದಲಿಸಬೇಕೆಂದರೂ ಭೂಮಿಯೊಳಗಿನ ಪೈಪುಗಳನ್ನೆಲ್ಲ ಮೇಲೆಳೆಯಬೇಕು. ತಲೆ ಬಿಚ್ಚಿ ಹಿಡಿಕೆ ತೆಗೆದು, ನೀರಿನ ತೊಟ್ಟಿಯನ್ನು ಕಳಚಿಟ್ಟೆ. ಒಂದು ಪೈಪು ಎತ್ತುವುದು, ಅದರ ಕೆಳಗಿನ ಪೈಪನ್ನು ಕ್ಲಾಂಪಿನಲ್ಲಿ ಬಿಗಿಯುವುದು, ಮೇಲಿನದನ್ನು ತಿರುವಿ ಬಿಡಿಸುವುದು, ಒಳಗಿನ ಸಲಾಕೆ ಬಿಡಿಸುವುದು. ಮತ್ತೆ ಅದೇ. ಒಂದೆರಡು ಪೈಪು ಸಲೀಸಾಗಿ ಬಂದವು. ಮುಂದಿನದನ್ನು ಎತ್ತುತ್ತಿದ್ದಾಗ ಕೈಯಲ್ಲಿನ ಭಾರ ತಟ್ಟನೆ ಇಲ್ಲವಾಯಿತು. ಕೆಳಗೆ ಕಬ್ಬಿಣ ಕೊಳವೆಗೆ ಬಡಿಯುತ್ತ ಇಳಿದ ಸದ್ದು, ಆಮೇಲೆ ನೀರಿನ ಸದ್ದು.

ಎರಡು ಪೈಪು ಕೂಡುವಲ್ಲಿ ಥ್ರೆಡ್ಡು ತುಕ್ಕು ಹಿಡಿದು ತಿಂದು ಹೋಗಿತ್ತು. ಉಳಿದ ಪೈಪೆಲ್ಲ ಸಿಲಿಂಡರಿನ ಸಮೇತ ಬೋರಿನ ತಳ ಸೇರಿದ್ದವು. ಮೇಲಿನಿಂದ ಯಾರ ಕಣ್ಣಿಗೂ ಕಾಣುವ ಲಕ್ಷಣವಲ್ಲ ಅದು. ಆದರೆ ಅದನ್ನು ಅಲ್ಲಿ ಯಾರು ನಂಬಬೇಕು?

ಆ ಓಣಿಯ ಹಿರಿಯಳೆಂದರೆ ಒಬ್ಬ ಮುದುಕಿ. ಎಲ್ಲರೂ ಆಯಿ ಎನ್ನುತ್ತಿದ್ದರು. ಅವಳ ಮಕ್ಕಳೂ ಕುರಿಯ ಹಿಂದೆ ಹೋಗಿದ್ದರು. ಅವಳು ಬಂದು ಬೋರಿನ ಬಾಯಿ ಬಗ್ಗಿ ನೋಡಿ, ಆಮೇಲೆ ನನ್ನ ಮುಖ ನೋಡಿದಳು.

“ಬೇಕಂತ ಕೆಡವಿದಿ.”

“ಇಲ್ಲ ಆಯಿ. ಥ್ರೆಡ್ ಹೋಗಿತ್ತ.”

“ನಿಮ್ಮ ಓಣಿ ಹಿರ್ಯಾ ಸಾವ್ಕಾರ್ರ ಮನ್ಯಾಗ ಚಾ ಕುಡದು ಬಂದಾನಂತ. ನಮಗ ಗೊತ್ತಿಲ್ಲಂತ ತಿಳದೀಯೇನು? ಸುಮ್ಮ ಕುಂತಿದ್ರ ಪಂಪರ ಉಳೀತಿತ್ತು.”

“ತಗದ ಕೊಡ್ತೀನಿ ಆಯಿ.”

“ಯಾವಾಗ? ಚುನಾವಣಿ ಮುಗದ ಮ್ಯಾಲ?”

ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಸುಳ್ಳೆಂದು ಸಾಧಿಸಲು ನನ್ನ ಹತ್ತಿರ ಏನೂ ಇರಲಿಲ್ಲ, ಪಂಪು ಎಬ್ಬಿಸುವುದೊಂದನ್ನು ಬಿಟ್ಟು. ಕೆಲಸದಲ್ಲಿ ಅಷ್ಟು ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ.

ಬಿದ್ದ ಪೈಪನ್ನು ತೆಗೆಯಲು ಒಂದು ಉಪಾಯವಿದೆ. ತುದಿಗೆ ಚೂಪಾಗಿ, ಮೇಲಕ್ಕೆ ದಪ್ಪವಾಗುತ್ತ ಹೋಗುವ ಉಕ್ಕಿನ ಕೋಲು, ಅದರ ಮೈಮೇಲೆ ಹರಿತವಾದ ಥ್ರೆಡ್ಡು. ಅದನ್ನು ಗಟ್ಟಿ ಪೈಪುಗಳ ತುದಿಗೆ ಜೋಡಿಸಿ ಇಳಿಸಿ, ಬಿದ್ದ ಪೈಪಿನ ಬಾಯೊಳಗೆ ತೂರಿಸಿ ತಿರುವಿದರೆ ಅದು ಒಳಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಎಳೆಯಬೇಕು. ನನ್ನ ಹತ್ತಿರ ಅದು ಇರಲಿಲ್ಲ. ಶನಿವಾರ ಬೆಳಿಗ್ಗೆ ಶಿರಗುಪ್ಪಿಗೆ ಸೈಕಲ್ ತುಳಿದೆ. ಅಲ್ಲಿ ಕಬ್ಬಿನ ಗಾಣದ ಬಿಡಿಭಾಗ ತಿರುವಿ ಕೊಡುವ ಲೇಥಿನವನೊಬ್ಬ ನನಗೆ ಪರಿಚಯ. ಹಳೆಯ ಎಕ್ಸಲ್ಲೊಂದರ ತುಂಡು ಹುಡುಕಿ ಮಧ್ಯಾಹ್ನದವರೆಗೆ ಕಡೆದು ಕೊಟ್ಟ. ಭಾರ ಎತ್ತುವ ಒಂದು ಕಪ್ಪಿಯನ್ನೂ ದಪ್ಪ ಹಗ್ಗವನ್ನೂ ಕೊಟ್ಟು, “ಸೋಮವಾರ ಮುಂಜಾನಿ ನನಗ ಬೇಕ್ರಿ, ತಪ್ಪಸಬ್ಯಾಡ್ರಿ,” ಎಂದ.

ಊರು ಸೇರುವಾಗ ಹೊತ್ತು ಇಳಿದಿತ್ತು. ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಮಾವ ಆಗಷ್ಟೇ ಕೀಲಿ ಹಾಕಿ ಏಳುತ್ತಿದ್ದರು. ಎದುರಿಗೆ ಕೊಡ ಹಿಡಿದು ನಿಂತವಳು ಕುರಿಗಾರರ ಓಣಿಯ ಆಯಿ.

ಅದು ಎಂಥ ದೃಶ್ಯವೆಂದು ನಮ್ಮೂರಿನವರಿಗಷ್ಟೇ ತಿಳಿದೀತು. ಅವರ ಓಣಿಯವರು ನಮ್ಮ ನೀರು ಮುಟ್ಟುತ್ತಿರಲಿಲ್ಲ. ನಮ್ಮ ಹಿರಿಯರು ಏಸುವಿನ ಹೆಸರು ಹಿಡಿದರೂ ನಮ್ಮ ಕೇರಿಯ ಹೆಸರು ಊರಿನ ಬಾಯಿಂದ ಹೋಗಿರಲಿಲ್ಲ. ಅಂಥದ್ದರಲ್ಲಿ ಅವಳು ಇಡೀ ಊರು ದಾಟಿ ಬಂದಿದ್ದಳು. ತೋಟದ ಬಾವಿಯವರು ಅಂದು ದಾರಿಗೆ ಮುಳ್ಳು ಹಚ್ಚಿದ್ದರಂತೆ. ಯಾರು ಹಚ್ಚಿಸಿದರೆಂದು ಕೇಳಬೇಕಾಗಿರಲಿಲ್ಲ.

“ಸೋಮವಾರ ಬರ್ರಿ ಆಯಿ,” ಎನ್ನುತ್ತಿದ್ದರು ಮಾವ. ದನಿಯಲ್ಲಿ ಒರಟಿರಲಿಲ್ಲ. “ಈಗ ಕೀಲಿ ಹಾಕೇನ್ರಿ. ನಮ್ಮ ದೇವರ ನೇಮ ಐತಿ.”

“ನಿಮ್ಮ ದೇವರಿಗೆ ನೀರಡಿಕಿ ಆಗಂಗಿಲ್ಲೇನ್ರಿ?” ಎಂದಳು ಆಯಿ. ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದಂತಿತ್ತು. ಮಾವ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅವಳು ತಿರುಗಿ ಹೊರಟಾಗ ನನ್ನ ಹೆಂಡತಿ ಮನೆಯಿಂದ ತುಂಬಿದ ಕೊಡ ಹೊತ್ತು ತಂದು ದಾರಿಯಲ್ಲಿ ನಿಂತಳು. ಆಯಿ ಒಂದು ಕ್ಷಣ ಕೊಡವನ್ನೂ ಅವಳನ್ನೂ ನೋಡಿದಳು. ಆಮೇಲೆ ತನ್ನ ಕೊಡ ಕೆಳಗಿಟ್ಟು, “ಹಾಕು,” ಎಂದಳು. ಅಕ್ಕಪಕ್ಕದ ಮನೆಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಆಗಲೇ ನಿಶ್ಚಯಿಸಿದೆ: ರವಿವಾರವೇ ತೆಗೆಯಬೇಕು. ಸೋಮವಾರ ಕಪ್ಪಿ ಇರುವುದಿಲ್ಲ, ತೋಟದ ಬಾವಿಯೂ ಇಲ್ಲ. ಆದರೆ ನೀರು ತುಂಬಿದ ಪೈಪುಗಳ ಭಾರ ಎಳೆಯಲು ಜನ ಬೇಕು, ಆ ಜನ ಇರುವುದು ನಮ್ಮ ಓಣಿಯಲ್ಲಿ. ಅದೇ ರವಿವಾರ ಮುಖಂಡರು ಬರುವುದು.

ಬೆಳಿಗ್ಗೆ ಮಿರಜದ ಬಸ್ಸಿಗೆ ಪಾಸ್ಟರು ಬಂದರು. ಮರಾಠಿಯಲ್ಲಿ ಹಾಡು, ಕನ್ನಡದಲ್ಲಿ ಪ್ರಾರ್ಥನೆ, ನಮ್ಮಲ್ಲಿ ಹಾಗೇ. ಬಾವಿಯದೋ ನೀರಿನದೋ ಪಾಠ ಬಂದಿದ್ದರೆ ಈಗ ಹೇಳಿಕೊಳ್ಳಲು ಚಂದವಿರುತ್ತಿತ್ತು. ಅಂದು ಓದಿದ್ದು ಯಾರು ಯಾರನ್ನು ಹೆತ್ತರೆಂಬ ಒಂದು ಉದ್ದ ವಂಶಾವಳಿ. ಸಾಕ್ಷಿ ಹೇಳುವ ಹೊತ್ತು ಬಂದಾಗ ನಾನು ಎದ್ದು ನಿಂತೆ. ಸಾಕ್ಷಿ ಎಂದರೆ ದೇವರು ಮಾಡಿದ ಉಪಕಾರ ಹೇಳುವುದು. ನಾನು ಕೂಲಿಗೆ ಕರೆದೆ.

“ಕುರಿಗಾರ್ರ ಬೋರಿನ್ಯಾಗ ಪೈಪ ಬಿದ್ದೈತಿ. ನಾನ ಬೇಕಂತ ಕೆಡವೀನಿ ಅನ್ನಾಕತ್ತಾರ. ಇವತ್ತ ತಗೀಬೇಕು. ಹಗ್ಗ ಜಗ್ಗಾಕ ಮಂದಿ ಬೇಕಾಗ್ಯಾರ.”

ಮಾವ ಕೂತಲ್ಲಿಂದಲೇ, “ವಿಶ್ರಾಂತಿ ದಿನ ಕಬ್ಬಣಾ ಎತ್ತೂದು? ಅದೂ ಸಾವ್ಕಾರ್ರು ಬರೂ ಹೊತ್ತಿಗೆ?” ಎಂದರು. ಪಾಸ್ಟರು ಕನ್ನಡಕ ತೆಗೆದು ಒರೆಸಿದರು. ಆ ಜಾಗದ ಕಾಗದ ಅವರಿಗೂ ಬೇಕಾಗಿತ್ತು. “ಆರಾಧನೆ ಮುಗೀಲಿ, ಆಮ್ಯಾಲ ನೋಡೂಣು,” ಎಂದರು.

ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ಎದ್ದಳು. ಗೀತೆಯ ಪುಸ್ತಕವನ್ನು ಕಿಟಕಿಯಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ನಡೆದಳು. ಅವಳ ಹಿಂದೆ ಪಕ್ಕದ ಮನೆಯವಳು, ಅವಳ ಹಿಂದೆ ಅವಳ ಅತ್ತೆ. ಹಿಂದಿನ ಸಂಜೆ ಬಾಗಿಲಲ್ಲಿ ನಿಂತು ನೋಡಿದವರೆಲ್ಲ ಎದ್ದರು. ಗಂಡಸರು ತಲೆ ತಗ್ಗಿಸಿ ಕೂತೇ ಇದ್ದರು.

ಕುರಿಗಾರರ ಬೋರಿನ ಮೇಲೆ ಚಕ್ಕಡಿಯ ತೊಲೆಗಳನ್ನು ಮೂರು ಕಾಲಾಗಿ ನಿಲ್ಲಿಸಿ ತುದಿಗೆ ಕಪ್ಪಿ ಕಟ್ಟಿದೆ. ಉಕ್ಕಿನ ಕೋಲು ಇಳಿಸಿದೆ. ಮೊದಲ ಸಲ ಅದು ಬಿದ್ದ ಪೈಪಿನ ಪಕ್ಕಕ್ಕೆ ಜಾರಿತು. ಎರಡನೆಯ ಸಲ ಕಚ್ಚಿದಂತಾಗಿ ತುಸು ಮೇಲೆ ಬಂದು ಬಿಟ್ಟುಕೊಟ್ಟಿತು. ಆಯಿ ಕಟ್ಟೆಯ ಮೇಲೆ ಕೂತು ಒಂದೂ ಮಾತಾಡದೆ ನೋಡುತ್ತಿದ್ದಳು. ಅವಳು ಬಯ್ದಿದ್ದರೇ ವಾಸಿಯಾಗಿತ್ತು. ಕಿವಿಯನ್ನು ಪೈಪಿಗೆ ಹಚ್ಚಿ, ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಕೇಳುತ್ತ ಮತ್ತೆ ಇಳಿಸಿದೆ. ಈ ಸಲ ತಿರುವಿದಾಗ ಬಿಗಿಯಾಗುತ್ತ ಹೋಯಿತು.

“ಜಗ್ರಿ!”

ಹಗ್ಗದ ಮುಂದಿನ ಭಾಗ ಕುರಿಗಾರರ ಹೆಂಗಸರು ಹಿಡಿದಿದ್ದರು, ಹಿಂದಿನದು ನಮ್ಮವರು. ನಡುವೆ ಒಂದು ಮಾರು ಹಗ್ಗ ಖಾಲಿ ಬಿಟ್ಟಿದ್ದರು. ಯಾರೂ ಹೇಳಿ ಬಿಡಿಸಿದ್ದಲ್ಲ ಅದು. ಭಾರ ಬಿದ್ದಾಗ ಮುಂದಿನವರ ಕಾಲು ಜಾರಿತು, ಹಿಂದಿನವರು ಓಡಿ ಮುಂದೆ ಹಿಡಿದರು, ಆಮೇಲೆ ಖಾಲಿ ಜಾಗ ಎಲ್ಲಿತ್ತೆಂದು ನನಗೂ ಗೊತ್ತಾಗಲಿಲ್ಲ. ಪೈಪು ಬರತೊಡಗಿತು. ಅಷ್ಟು ಹೊತ್ತಿಗೆ ಪಾಸ್ಟರು ಪ್ರಸಂಗ ಚಿಕ್ಕದು ಮಾಡಿ ಕೆಲವು ಗಂಡಸರೊಂದಿಗೆ ಬಂದರು. ಅಂಗಿಯ ತೋಳು ಮಡಿಸಿ ಅವರೂ ಹಗ್ಗ ಹಿಡಿದರು. ಮಾವ ಬರಲಿಲ್ಲ. ಮುಖಂಡರನ್ನು ಎದುರುಗೊಳ್ಳಲು ಅಲ್ಲೇ ಉಳಿದಿದ್ದರು.

ನಾನು ಇಳಿಸಿದ್ದ ಪೈಪುಗಳೆಲ್ಲ ಬಂದು, ಬಿದ್ದ ಪೈಪಿನ ಮೊದಲ ತುಂಡು ಕಣ್ಣಿಗೆ ಬಿದ್ದಾಗ ಎಲ್ಲರೂ ಕೂಗಿದರು. ಅದನ್ನು ಕ್ಲಾಂಪಿನಲ್ಲಿ ಬಿಗಿಯಲು ಹೋದೆ. ಕ್ಲಾಂಪಿನ ಬೋಲ್ಟು ಪಟ್ಟೆಂದು ಮುರಿಯಿತು.

ಈಗ ಭಾರವೆಲ್ಲ ಹಗ್ಗದ ಮೇಲೆ, ಹಗ್ಗ ಹೆಂಗಸರ ಅಂಗೈ ಮೇಲೆ. ಬಿಟ್ಟರೆ ಪೈಪು ಮತ್ತೆ ತಳಕ್ಕೆ, ಈ ಸಲ ಬಿದ್ದರೆ ಸಿಲಿಂಡರು ಚೂರಾಗಿ ಬೋರೇ ಮುಚ್ಚಿ ಹೋಗುತ್ತದೆ. “ಬಿಡಬ್ಯಾಡ್ರಿ, ಬಿಡಬ್ಯಾಡ್ರಿ!” ಎನ್ನುತ್ತ ಪೆಟ್ಟಿಗೆ ಕೆದರಿದೆ. ಬೇರೆ ಬೋಲ್ಟು ಇಲ್ಲ. “ಯಾರರ ಗಟ್ಟಿ ಸರಪಳಿ, ತಂತಿ, ಏನರ ಕೊಡ್ರಿ!” ಎಂದು ಒದರಿದೆ.

ತಲೆ ಎತ್ತಿದರೆ ಓಣಿಯ ಬಾಯಲ್ಲಿ ಮಾವ. ಭುಜದ ಮೇಲೆ ಪಂಪಿನ ಸರಪಳಿ ನೇತಾಡುತ್ತಿತ್ತು. ಅದು ಅಲ್ಲಿ ಹೇಗೆ ಬಂತೆಂದು ಕೇಳಲು ಆಗ ಪುರುಸೊತ್ತಿರಲಿಲ್ಲ. ಅವರು ಏನೋ ಹೇಳಲು ಬಂದವರು, ಹಗ್ಗ ನೋಡಿದರು, ನನ್ನ ಮುಖ ನೋಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

“ಪೈಪಿನ ತುದಿಗೆ ದಪ್ಪ ಕಾಲರ್ ಐತಲ್ರಿ, ಅದರ ಕೆಳಗ ಸುತ್ರಿ ಮಾವಾ. ಬಿಗೀರಿ. ಕೀಲಿ ಹಾಕ್ರಿ!”

ಮಾವ ಮೊಣಕಾಲೂರಿ ಸುತ್ತಿದರು. ಕೀಲಿ ಕಟ್ಟೆಂದಿತು. ನಾನು ಸರಪಳಿಯ ಅಡಿ ಹಾರೆಗೋಲು ತೂರಿಸಿದೆ. “ಸಾವಕಾಶ ಬಿಡ್ರಿ,” ಎಂದೆ. ಹಗ್ಗ ಸಡಿಲಾಯಿತು. ಪೈಪು ಒಂದಿಷ್ಟು ಕುಸಿದು ಸರಪಳಿಯ ಮೇಲೆ ಕೂತು ನಿಂತಿತು.

ಅಲ್ಲಿಂದ ಮುಂದೆ ಪ್ರತಿ ಪೈಪಿಗೂ ಮಾವನೇ ಕೀಲಿ ತೆಗೆದು ಕೀಲಿ ಹಾಕಿದರು. ಸಿಲಿಂಡರು ಬಂತು, ಕಳಚಿದ್ದ ಸಲಾಕೆ ಕೂಡಿಸಿ ವಾಷರನ್ನೂ ಬದಲಿಸಿದೆ, ಕೆಟ್ಟ ಥ್ರೆಡ್ಡಿನ ಪೈಪು ಬಿಟ್ಟು ಉಳಿದದ್ದು ಇಳಿಸಿದೆ. ಹೊತ್ತು ಮುಳುಗುವ ಮೊದಲು ಹಿಡಿಕೆ ಭಾರವಾಯಿತು. ಮೊದಲು ಕೆಂಪು ನೀರು, ಆಮೇಲೆ ತಿಳಿ ನೀರು. ಆಯಿ ತಂಬಿಗೆ ತೊಳೆದು ತುಂಬಿ, ನೇರವಾಗಿ ಮಾವನ ಮುಂದೆ ಹಿಡಿದಳು.

“ಆಯಿ, ನಿನ್ನಿ ನಾ…” ಎಂದರು ಮಾವ.

“ಮದ್ಲ ಕುಡೀರಿ,” ಎಂದಳು.

ಚುನಾವಣೆಯಲ್ಲಿ ಮುಖಂಡರ ಅಣ್ಣನ ಮಗನೇ ಗೆದ್ದ. ಆ ರವಿವಾರ ಕಾದು ತಿರುಗಿ ಹೋದ ಮುಖಂಡರು ಜಾಗದ ಮಾತು ಮತ್ತೆ ಎತ್ತಲಿಲ್ಲ. ಬಹಳ ದಿನ ಪಂಚಾಯತಿಯವರು ನನ್ನನ್ನು ಕೆಲಸಕ್ಕೂ ಕರೆಯಲಿಲ್ಲ. ರಾಯಬಾಗದ ಕಡೆಯ ಹಳ್ಳಿಗಳಿಗೆ ಹೋಗಿ ದುಡಿದೆ. ಮಾವ ಮಾತ್ರ ಅಥಣಿಯ ಕಚೇರಿಗೆ ತಾವೇ ಅರ್ಜಿ ಹಿಡಿದು ಓಡಾಡಿದರು, ಯಾರ ಶಿಫಾರಸೂ ಇಲ್ಲದೆ, ಎಲ್ಲರಂತೆ ಸಾಲಿನಲ್ಲಿ ನಿಂತು. ಅರ್ಜಿ ಕೊಡುವುದು ಬೇರೆ, ಇನ್ನೊಬ್ಬರ ನೀರು ಒತ್ತೆ ಇಡುವುದು ಬೇರೆ ಎನ್ನುತ್ತಿದ್ದರು. ತೊಂಬತ್ತರ ದಶಕ ಮುಗಿಯುವಾಗಲೂ ಉತಾರದಲ್ಲಿ ಆ ಜಾಗ ಗಾಯರಾಣವೆಂದೇ ಇತ್ತು. ನಾವು ಅಲ್ಲೇ ಹಾಡುತ್ತಿದ್ದೆವು.

ಪಂಪು ಎಬ್ಬಿಸಿದ ಮೇಲಿನ ಮೊದಲ ಶನಿವಾರ ಸಂಜೆ ನಾನು ಸರಪಳಿ ತಿರುಗಿ ಕೊಡಲು ಹೋದೆ. ಮಾವ ರೂಢಿಯಂತೆ ಪಂಪಿನ ಹತ್ತಿರ ಬಂದು ಕೂತಿದ್ದರು. ಕೈ ಚಾಚಲಿಲ್ಲ.

“ನಿನ್ನ ಪೆಟಿಗ್ಯಾಗ ಇರ್ಲಿ. ಪೈಪ ಹಿಡ್ಯಾಕ ಬರ್ತೈತಿ.”

ಆಮೇಲೆ ಕೇಳಿದರು. “ಅವತ್ತು ಅದು ನನ್ನ ಹೆಗಲ ಮ್ಯಾಲ ಯಾಕಿತ್ತು ಗೊತ್ತೈತೇನು?”

“ಇಲ್ರಿ.”

“ಸಾವ್ಕಾರ್ರ ಜೀಪ ಕಾಯ್ದು ಹೊಗಿ ಬಿಡಾಕತ್ತಿತ್ತು. ರೇಡಿಯೇಟರಿಗೆ ನೀರ ತಾ ಅಂದ್ರು. ನಾ ಒಂದ ಮಾತ ಆಡ್ಲಿಲ್ಲ ಅಳಿಯಾ. ರವಿವಾರ ಅನ್ನೂದು ನೆನಪ ಸುದ್ದಾ ಆಗ್ಲಿಲ್ಲ. ಕೀಲಿ ತಗದು, ಹೊಡದು, ಕೊಡಾ ತುಂಬಿ ಕೊಟ್ಟೆ. ಮಂದೀನ ಕರ್ಕೊಂಡು ಬಾ ಅಂದ್ರು, ಹೊಂಟೆ. ಅರ್ಧಾ ದಾರ‍್ಯಾಗ ಹೆಗಲ ಭಾರ ಆತು. ಆಗ ತಿಳೀತು, ಆಯಿಗೆ ಇಲ್ಲಂದ ನೀರ ಜೀಪಿಗೆ ಕೊಟ್ಟೀನಿ.”

ಅವರ ಕಣ್ಣು ತುಂಬಿತ್ತು. ಕತ್ತಲಾಗುತ್ತ ಬಂದಿತ್ತು, ಪಕ್ಕದ ಮನೆಯವಳು ಕೊಡ ಹಿಡಿದು ಬಂದು ಮಾವನನ್ನು ಕಂಡು ಅಲ್ಲೇ ನಿಂತಳು. ಮಾವ ಎದ್ದು ಅವಳ ಕೊಡ ಇಸಿದುಕೊಂಡು ಪಂಪಿನ ಬಾಯಿಗೆ ಇಟ್ಟರು.

“ಹೊಡಿ ಅಳಿಯಾ,” ಎಂದರು.